ಬಹಿಷ್ಕಾರ

ಬಹಿಷ್ಕಾರ ಎಂದೊಡನೆ ಕನ್ನಡದ ಕಿವಿಗೆ ಕೇಳಿಸುವುದು ಊರಕಟ್ಟೆಯ ತೀರ್ಪು. ಆ ಮನೆಯವರಿಗೆ ನೀರು ಕೊಡಬೇಡಿ, ಅಂಗಡಿಯಲ್ಲಿ ಸಾಮಾನು ಕೊಡಬೇಡಿ, ಅವರ ಮದುವೆಗೂ ಸಾವಿಗೂ ಹೋಗಬೇಡಿ. ಇತ್ತೀಚೆಗೆ ಮತದಾನವನ್ನೂ ತರಗತಿಯನ್ನೂ ಬಹಿಷ್ಕರಿಸುತ್ತಾರೆ. ಅಲ್ಲಿ ಹೊರಗುಳಿಯುವವರೇ ಈ ಪದವನ್ನು ಕೈಗೆತ್ತಿಕೊಂಡಿದ್ದಾರೆ. ಕಥೋಲಿಕ ಧರ್ಮಸಭೆ ವಿಧಿಸುವ ಅತಿ ಕಠಿಣ ದಂಡನೆಗಳಲ್ಲೊಂದಕ್ಕೂ ನಾವು ಬಳಸುವುದು ಇದನ್ನೇ. ಬಳಸೋಣ, ಆದರೆ ಊರಕಟ್ಟೆಯ ಅರ್ಥವನ್ನು ಅದರ ಬೆನ್ನಿಗೆ ಕಟ್ಟುವುದು ಬೇಡ.

1983ರ ಧರ್ಮಸಭಾ ಕಾನೂನು ಇದನ್ನು ಔಷಧರೂಪದ ದಂಡನೆಗಳ ಸಾಲಿಗೆ ಸೇರಿಸುತ್ತದೆ. ಬಹಿಷ್ಕೃತನು ಪರಮಪ್ರಸಾದ ಸ್ವೀಕರಿಸುವಂತಿಲ್ಲ, ಧರ್ಮಸಭೆಯ ಹುದ್ದೆ ನಿರ್ವಹಿಸುವಂತಿಲ್ಲ. ಆದರೆ ಅವನ ಜ್ಞಾನಸ್ನಾನ ಅಳಿಯುವುದಿಲ್ಲ, ಅವನು ಕ್ರೈಸ್ತನಾಗಿಯೇ ಉಳಿಯುತ್ತಾನೆ. ಪಾಪನಿವೇದನೆಯ ಗುಟ್ಟನ್ನು ನೇರವಾಗಿ ಬಯಲು ಮಾಡಿದ ಗುರುವಿನಂಥವರಿಗೆ ಯಾರೂ ತೀರ್ಪು ಓದಬೇಕಿಲ್ಲ. ಕೃತ್ಯದೊಡನೆಯೇ ದಂಡನೆ ತಾಗುತ್ತದೆ. ತೀರ್ಪಿನಿಂದ ವಿಧಿಸುವುದಾದರೆ ಮೊದಲು ಎಚ್ಚರಿಕೆ ಕೊಡಲೇಬೇಕು. ಹಟ ಬಿಟ್ಟು ನಿಜವಾಗಿ ಪಶ್ಚಾತ್ತಾಪಪಟ್ಟವನಿಗೆ ಬಿಡುಗಡೆಯನ್ನು ನಿರಾಕರಿಸುವಂತಿಲ್ಲ.

ಬರಹದಲ್ಲಿ ಔಷಧವಾದದ್ದು ಕೈ ತಪ್ಪಿದರೆ ಏನಾಗುತ್ತದೆಂದು ತಿಳಿಯಲು ಆಸ್ಟ್ರೇಲಿಯಾದ ಮೇರಿ ಮ್ಯಾಕಿಲಪ್ ಅವರ ಕಥೆ ಸಾಕು. ಬಡವರ ಮಕ್ಕಳಿಗೆ ಪಾಠ ಹೇಳಲೆಂದು 1866ರಲ್ಲಿ ಕನ್ಯಾಸ್ತ್ರೀಯರ ಸಭೆ ಕಟ್ಟಿದವರು ಆಕೆ. 1871ರ ಸೆಪ್ಟೆಂಬರ್‌ನಲ್ಲಿ ಅಡಿಲೇಡ್‌ನ ಧರ್ಮಾಧ್ಯಕ್ಷ ಲಾರೆನ್ಸ್ ಶೀಲ್ ಅವಿಧೇಯತೆಯ ಆರೋಪ ಹೊರಿಸಿ ಬಹಿಷ್ಕರಿಸಿದರು. ಆಗ ಮೇರಿಗೆ 29 ವರ್ಷ. ಬೀದಿಗೆ ಬಿದ್ದ ಕನ್ಯಾಸ್ತ್ರೀಯರಿಗೆ ಬಾಡಿಗೆಯಿಲ್ಲದೆ ಮನೆ ಕೊಟ್ಟವರು ಇಮ್ಯಾನುಯೆಲ್ ಸಾಲೊಮನ್, ಯಹೂದಿ. ಇದನ್ನು ಓದುವಾಗಲೆಲ್ಲ ನನ್ನ ಎದೆ ತುಂಬಿಬರುತ್ತದೆ. ಮರುವರ್ಷದ ಫೆಬ್ರುವರಿಯಲ್ಲಿ, ಸಾವಿನ ಹಾಸಿಗೆಯಲ್ಲಿದ್ದ ಶೀಲ್ ತಮ್ಮ ಆಜ್ಞೆಯನ್ನು ಹಿಂತೆಗೆದುಕೊಂಡರು. 2010ರ ಅಕ್ಟೋಬರ್ 17ರಂದು ಅದೇ ಧರ್ಮಸಭೆ ಮೇರಿಯನ್ನು ಸಂತಳೆಂದು ಸಾರಿತು.

ಹಾಗೆಂದು ಈ ದಂಡನೆಯೇ ಬೇಡವೆನ್ನಲಾರೆ. ನಂಬಿಕೆಯ ಸಮುದಾಯಕ್ಕೆ ತನ್ನ ಎಲ್ಲೆ ಹೇಳುವ ಹಕ್ಕಿದೆ. ಆದರೆ ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸಲು ಅದನ್ನು ಎತ್ತಿದ ದಿನ ಅದು ಊರಕಟ್ಟೆಯ ಬಹಿಷ್ಕಾರವೇ ಆಗಿಬಿಡುತ್ತದೆ. ಎರಡರ ನಡುವಣ ವ್ಯತ್ಯಾಸ ನಿಂತಿರುವುದು ಮರಳುವ ದಾರಿಯ ಮೇಲೆ. ಆ ದಾರಿಯನ್ನು ಕಾನೂನು ಎಷ್ಟು ಅಗಲ ಇಟ್ಟಿದೆಯೆಂದರೆ, ಬಹಿಷ್ಕೃತನು ಸಾವಿನ ಅಪಾಯದಲ್ಲಿದ್ದು ಪಶ್ಚಾತ್ತಾಪಪಟ್ಟರೆ ಯಾವ ಗುರುವಾದರೂ, ಪಾಪನಿವೇದನೆ ಕೇಳುವ ಅಧಿಕಾರವಿಲ್ಲದ ಗುರುವೂ, ಅವನನ್ನು ಬಿಡುಗಡೆ ಮಾಡಬಹುದು.