ಹರಿಹರದ ದತ್ತಿಗದ್ಯವೂ ಲೆಕ್ಕಶಾಸ್ತ್ರವೂ

ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥನಾದ ಪೋಲಾಳ್ವನು ಕ್ರಿ. ಶ. 1224ರಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ ಸಂಗತಿ ವಿದ್ವಜ್ಜನರಿಗೆ ವಿದಿತವೇ ಆಗಿದೆ. ಹರಿಹರದ ಶಾಸನಗಳನ್ನು ರೈಸ್ ಮಹಾಶಯರು 1903ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನವುಗಳೊಡನೆ ಪ್ರಕಟಿಸಿದರು. ಇಂಥ ಶಾಸನಗಳ ಪದ್ಯಭಾಗವನ್ನು ನಾವು ಆದರದಿಂದ ಓದುತ್ತೇವೆ. ದತ್ತಿಯ ಗದ್ಯ ಬಂದೊಡನೆ ಪುಟವನ್ನು ತಿರುವಿಬಿಡುತ್ತೇವೆ. ಬಹುಕಾಲ ನಾನೂ ಹಾಗೆಯೇ ಮಾಡಿದವನು.

ದಾನಶಾಸನಗಳಲ್ಲಿ ಭೂಮಿಯ ಅಳತೆ, ಎಲ್ಲೆ, ಅಂಗಭೋಗ ರಂಗಭೋಗ ಜೀರ್ಣೋದ್ಧಾರಗಳಿಗೆ ಆಗತಕ್ಕ ವಿನಿಯೋಗ, ಸಾಕ್ಷಿಗಳು, ಇವೆಲ್ಲ ಬರುವುದು ಆ ಗದ್ಯದಲ್ಲಿಯೇ. ಸ್ವತ್ತೇನು, ಅದು ಯಾವುದಕ್ಕೆ ಸಲ್ಲತಕ್ಕದ್ದು ಎಂಬುದನ್ನು ಊರವರೆದುರು ನಿವೇದಿಸುವ ಪತ್ರವದು. 2009ರಲ್ಲಿ ಸ್ಥಾಪಿತವಾದ ದಾವಣಗೆರೆ ವಿಶ್ವವಿದ್ಯಾನಿಲಯದಲ್ಲಿ ವಾಣಿಜ್ಯವಿದ್ಯಾರ್ಥಿಗಳು ಅಭ್ಯಸಿಸುವ ಆರ್ಥಿಕ ವರದಿಯ ಮೊದಲ ಪ್ರಯೋಜನವೂ ಇದೇ. ಆದರೆ ಸಾದೃಶ್ಯವನ್ನು ಅತಿಯಾಗಿ ಎಳೆಯಬಾರದು. ಶಾಸನವು ಸಂಕಲ್ಪವನ್ನು ಹೇಳೀತೇ ಹೊರತು ನಡೆದ ವೆಚ್ಚವನ್ನು ಹೇಳದು.

ಆ ಉತ್ತರಭಾಗವನ್ನು ಶಾಸ್ತ್ರದಲ್ಲಿ ನೋಡಬೇಕು. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಅಕ್ಷಪಟಲಪ್ರಕರಣದಂತೆ ಗಣಕರು ಆಷಾಢದಲ್ಲಿ ಮುದ್ರೆಯೊತ್ತಿದ ಪುಸ್ತಕಗಳನ್ನೂ ಉಳಿಕೆಯನ್ನೂ ತರಬೇಕು, ತಮ್ಮತಮ್ಮಲ್ಲಿ ಮಾತನಾಡಕೂಡದು. (ಲೆಕ್ಕಪರಿಶೋಧಕರು ಇದನ್ನು ಮೆಚ್ಚಿಯಾರು!) ಆ ಉಳಿಕೆಗೆ ಅಲ್ಲಿ ‘ನೀವೀ’ ಎಂದು ಹೆಸರು, ನಮ್ಮ ವರ್ತಕರ ಬಾಯಲ್ಲಿ ಅದು ಶಿಲ್ಕು, ಕಾಲೇಜಿನಲ್ಲಿ ಕ್ಲೋಸಿಂಗ್ ಬ್ಯಾಲೆನ್ಸ್.

ಕನ್ನಡನಾಡಿನಲ್ಲಿ ಲೆಕ್ಕವನ್ನು ಕಡತಗಳಲ್ಲಿ ಬರೆಯುತ್ತಿದ್ದರು. ಹುಣಿಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಸವರಿ ಮಡಿಸಿದ ಬಟ್ಟೆಯದು. ಬಳಪದಿಂದ ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಹಳೆಯ ಆಯವ್ಯಯವನ್ನು ಅರಸುವವನಿಗೆ ಈ ಸೌಕರ್ಯವೇ ವಿಘ್ನ. ಆದಕಾರಣ ಹರಿಹರದ ಆ ಗದ್ಯವನ್ನಾದರೂ ಸಾಹಿತ್ಯದ ಉಪಾಧ್ಯಾಯರು ವಾಣಿಜ್ಯದವರೊಡನೆ ಕುಳಿತು ಪಂಕ್ತಿಪಂಕ್ತಿಯಾಗಿ ಓದಬೇಕೆಂದು ನನ್ನ ಪ್ರಾರ್ಥನೆ.