ಡಫಳಾಪುರ: ಡಫಳೆ ಮನೆತನದ ಮೂಲ ಊರು

ಜಪಾನಿನ ಕೋಟೆಪಟ್ಟಣಗಳಲ್ಲಿ ದೊರೆಯ ಕೋಟೆಯ ಸುತ್ತ ಊರು ಬೆಳೆಯಿತು. ಡಫಳಾಪುರದಲ್ಲಿ ಹಾಗಲ್ಲ, ಊರು ಮೊದಲು, ದೊರೆತನ ಆಮೇಲೆ. ಈ ಊರಿನ ಪಾಟೀಲಕಿ ನಡೆಸುತ್ತಿದ್ದ ಚವಾಣರಿಗೆ ಊರಿನಿಂದಲೇ ‘ಡಫಳೆ’ ಎಂಬ ಅಡ್ಡಹೆಸರು ಬಂತು. ಬಿಜಾಪುರದ ಆದಿಲಶಾಹಿ ದರ್ಬಾರಿನಲ್ಲಿ ಮೇಲೆ ಬಂದ ಈ ಮನೆತನದ ಸಟವಾಜಿರಾವ್ 1680ರಲ್ಲಿ ಜತ್ತ, ಕರಜಗಿ ಮೊದಲಾದ ಸೀಮೆಗಳ ದೇಶಮುಖಿ ಪಡೆದರು.

ಮನೆತನದ ಗಾದಿ ಜತ್ತದಲ್ಲಿ ನೆಲೆಯಾದ ಮೇಲೂ ಡಫಳಾಪುರ ಬೇರೆ ಜಹಗೀರಾಗಿಯೇ ಉಳಿಯಿತು. ಅದನ್ನು ಕೊನೆಗೆ ಆಳಿದವರು ಹಿಂದಿನ ಜಹಗೀರದಾರರ ವಿಧವೆ, ರಾಣಿಬಾಯಿ ಸಾಹೇಬ್. ಈ ಪುಟ್ಟ ಜಹಗೀರಿನ ಕತೆಯಲ್ಲಿ ಮರೆಯಬಾರದ ಹೆಸರು. 1917ರಲ್ಲಿ ಜಹಗೀರು ಜತ್ತ ಸಂಸ್ಥಾನಕ್ಕೆ ಸೇರಿತು. 1948ರಲ್ಲಿ ಆ ಸಂಸ್ಥಾನವೇ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ಒಂದೇ ಅಂಗಡಿಕಟ್ಟೆಯಲ್ಲಿ ಕನ್ನಡದ ಚೌಕಾಸಿ, ಮರಾಠಿಯ ಲೆಕ್ಕ ಎರಡೂ ಕಿವಿಗೆ ಬೀಳುವ ಗಡಿನಾಡು ಇದು.