ಎರಡು ಕ್ಲಸ್ಟರ್‌ಗಳ ನಡುವಿನ ದಾರಿ: ‘ಪ್ರೈವೇಟ್’ ಅಂದರೆ ಸುರಕ್ಷಿತವೇ?

"ನಮ್ಮದು ಪ್ರೈವೇಟ್ ನೆಟ್‌ವರ್ಕ್, ಹೊರಗಿನವರಿಗೆ ಕಾಣುವುದೇ ಇಲ್ಲ." ಇಂಥ ಮಾತನ್ನು ನಾವು ಆಗಾಗ ಕೇಳುತ್ತೇವೆ. ಇದು ಅರ್ಧ ನಿಜ.

ನಾವು ಫೋನಿನಲ್ಲಿ ಬಳಸುವ ದೊಡ್ಡ ಆ್ಯಪ್‌ಗಳ ಹಿಂದೆ ಇರುವುದು ಒಂದೇ ಕಂಪ್ಯೂಟರ್ ಅಲ್ಲ. ಲಾಗಿನ್‌ಗೆ ಒಂದು ಪ್ರೋಗ್ರಾಂ, ಹಣ ಪಾವತಿಗೆ ಇನ್ನೊಂದು. ಪ್ರತಿಯೊಂದನ್ನೂ ಬೇಕಾದ ಸರಂಜಾಮಿನ ಸಮೇತ ಕಟ್ಟಿಟ್ಟ ಪೊಟ್ಟಣವೇ ಕಂಟೇನರ್. ಇವನ್ನು ಓಡಿಸುವ ಕಂಪ್ಯೂಟರ್‌ಗಳ ಗುಂಪು ಕ್ಲಸ್ಟರ್. ಅದರ ಮೇಸ್ತ್ರಿ ಹೆಚ್ಚಿನ ಕಡೆ ಕುಬರ್ನೆಟೀಸ್, 2014ರಲ್ಲಿ ಗೂಗಲ್ ಹೊರತಂದ ಮುಕ್ತ ತಂತ್ರಾಂಶ. ಒಂದು ಊರಿನ ಡೇಟಾ ಸೆಂಟರ್ ಕೆಟ್ಟರೂ ಕೆಲಸ ನಿಲ್ಲಬಾರದೆಂದು ಕಂಪನಿಗಳು ಎರಡು ಮೂರು ಕಡೆ ಕ್ಲಸ್ಟರ್ ಇಟ್ಟುಕೊಳ್ಳುತ್ತವೆ. ಅವು ಪರಸ್ಪರ ಮಾತಾಡಲೇಬೇಕು.

ಮೊದಲ ತೊಡಕು ವಿಳಾಸದ್ದು. ಫ್ಲಾನೆಲ್ ಎಂಬ ಜನಪ್ರಿಯ ನೆಟ್‌ವರ್ಕ್ ತಂತ್ರಾಂಶದಲ್ಲಿ, ನಾವಾಗಿ ಬದಲಿಸದಿದ್ದರೆ, ಒಳಗಿನ ವಿಳಾಸಗಳು ಸಾಮಾನ್ಯವಾಗಿ 10.244ರಿಂದಲೇ ಶುರು. ಎರಡು ಬಡಾವಣೆಗಳಲ್ಲೂ ‘5ನೇ ಕ್ರಾಸ್, 12ನೇ ಮನೆ’ ಇದ್ದರೆ ಪೋಸ್ಟ್‌ಮ್ಯಾನ್ ಎಲ್ಲಿಗೆ ಹೋಗಬೇಕು? ಮೊದಲೇ ಬೇರೆ ಬೇರೆ ವಿಳಾಸ ಕೊಡುವುದೇ ಸುಲಭ.

ಇನ್ನು ಸುರಕ್ಷತೆ. 2013ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ, ಎಡ್ವರ್ಡ್ ಸ್ನೋಡೆನ್ ಹೊರಗೆಡವಿದ ದಾಖಲೆಗಳನ್ನು ಆಧರಿಸಿ ಒಂದು ವರದಿ ಪ್ರಕಟಿಸಿತು. ಗೂಗಲ್ ಮತ್ತು ಯಾಹೂ ಡೇಟಾ ಸೆಂಟರ್‌ಗಳನ್ನು ಜೋಡಿಸುವ ಖಾಸಗಿ ಸಂಪರ್ಕಗಳಿಗೇ ಅಮೆರಿಕದ ಎನ್‌ಎಸ್‌ಎ, ಬ್ರಿಟನ್ನಿನ ಜಿಸಿಎಚ್‌ಕ್ಯೂ ಕನ್ನ ಹಾಕಿದ್ದವು ಎಂದು! ಜನರಿಂದ ಕಂಪನಿಯವರೆಗಿನ ದಾರಿಗೆ ಬೀಗ ಹಾಕಿ, ಒಳದಾರಿಯನ್ನು ‘ನಮ್ಮದೇ ತಾನೇ’ ಎಂದು ಬಿಟ್ಟರೆ ಆಗುವುದು ಇದೇ. ಆಮೇಲೆ ಎರಡೂ ಕಂಪನಿಗಳು ಒಳದಾರಿಗೂ ಗೂಢಲಿಪೀಕರಣದ ಬೀಗ ಹಾಕಿದವು.

ಈಗ ಇದಕ್ಕೆ ಸಿದ್ಧ ಸಲಕರಣೆಗಳಿವೆ. ಸಬ್‌ಮರೀನರ್ ತಂತ್ರಾಂಶ ಕ್ಲಸ್ಟರ್‌ಗಳ ನಡುವೆ ಐಪಿಸೆಕ್ ಸುರಂಗ ಕಟ್ಟುತ್ತದೆ. ಬೇಕಿದ್ದರೆ 2020ರಲ್ಲಿ ಲಿನಕ್ಸ್ ಕರ್ನಲ್ ಸೇರಿದ ವೈರ್‌ಗಾರ್ಡ್ ಅನ್ನೂ ಬಳಸಬಹುದು. ವೈರ್‌ಗಾರ್ಡ್‌ನ ಲೆಕ್ಕ ಸರಳ: ಯಾವ ಕೀಲಿಗೆ ಯಾವ ವಿಳಾಸಗಳು ಎಂಬ ಪಟ್ಟಿ ಇರುತ್ತದೆ, ಹೊಂದದ ಪ್ಯಾಕೆಟ್ ಕಸದ ಬುಟ್ಟಿಗೆ. ಸಿಲಿಯಂನ ಕ್ಲಸ್ಟರ್ ಮೆಶ್‌ನಲ್ಲಾದರೋ ಕಂಟೇನರ್‌ಗಳ ನಡುವಿನ ಮಾತಿಗೆ ಗೂಢಲಿಪೀಕರಣವನ್ನು ಬೇರೆಯಾಗಿ ಆನ್ ಮಾಡಬೇಕು. ಜೋಡಣೆ ಆಯಿತೆಂದರೆ ಬೀಗ ಬಿತ್ತೆಂದಲ್ಲ.

ಕಳ್ಳ ಒಂದು ಕ್ಲಸ್ಟರ್‌ನ ಒಳಗೇ ಸೇರಿಕೊಂಡರೆ? ಸುರಂಗ ಅವನನ್ನೂ ಸುರಕ್ಷಿತವಾಗಿಯೇ ಆಚೆ ದಾಟಿಸುತ್ತದೆ. ಕುಬರ್ನೆಟೀಸ್‌ನಲ್ಲಿ ನಿಯಮ ಬರೆಯದಿದ್ದರೆ ಯಾವ ಕಂಟೇನರ್ ಯಾವುದರ ಜೊತೆಗಾದರೂ ಮಾತಾಡಬಹುದು. ಯಾರು ಯಾರೊಂದಿಗೆ ಎಂಬುದನ್ನು ‘ನೆಟ್‌ವರ್ಕ್ ಪಾಲಿಸಿ’ಯಲ್ಲಿ ಬರೆಯಬೇಕು. ಇಲ್ಲೂ ಒಂದು ಮೋಸವಿದೆ: ಫ್ಲಾನೆಲ್ ಒಂದನ್ನೇ ನಂಬಿಕೊಂಡರೆ ಕುಬರ್ನೆಟೀಸ್ ಆ ನಿಯಮವನ್ನು ತಕರಾರಿಲ್ಲದೆ ಬರೆದಿಟ್ಟುಕೊಳ್ಳುತ್ತದೆ, ಆದರೆ ಅದನ್ನು ಜಾರಿ ಮಾಡುವವರೇ ಇರುವುದಿಲ್ಲ.